ಏಳದ ಮುಳ್ಳು

ಸೋತವರ ಬಾಯಿ ಸುಳ್ಳು ಹೇಳಬಹುದು, ಮೈ ಹೇಳುವುದಿಲ್ಲ ಎಂಬ ಒಂದೇ ನಂಬಿಕೆಯ ಮೇಲೆ ನಮ್ಮ ಕೇಂದ್ರ ನಿಂತಿತ್ತು. ಜೂಜಿನಲ್ಲಿ ಹಣ ಹೋದಾಗ ‘ಹೋಗಲಿ ಬಿಡು, ಆಟ ತಾನೆ’ ಎಂದು ನಗುವವರು ಬೇಕಾದಷ್ಟು ಮಂದಿ. ಆದರೆ ಆ ಕ್ಷಣದಲ್ಲಿ ಅವರ ಅಂಗೈ ಬೆವರುತ್ತದೆ, ನಾಡಿ ಜಿಗಿಯುತ್ತದೆ, ಮಣಿಕಟ್ಟಿನ ಸಣ್ಣ ನರಗಳು ಅದುರುತ್ತವೆ. ಇವನ್ನೆಲ್ಲ ಹಿಡಿಯುವ ಒಂದು ಪಟ್ಟಿಯನ್ನು ಕೈಗೆ ಕಟ್ಟಿಬಿಟ್ಟರೆ ಯಾರು ಆಟವಾಡುತ್ತಿದ್ದಾರೆ, ಯಾರನ್ನು ಆಟವೇ ಆಡಿಸುತ್ತಿದೆ ಎಂದು ತಿಳಿಯುವುದಿಲ್ಲವೆ? ಹಾಗೆ ಹುಟ್ಟಿದ್ದು ಸಂಯಮಪಟ್ಟಿ.

ಅದು ಬರುವ ಮೊದಲು ಸರಕಾರ ವರ್ಷಗಟ್ಟಲೆ ಗಡಿಯಾಚೆಯ ಕ್ಯಾಸಿನೊಗಳ ಜೊತೆ ಗುದ್ದಾಡಿ ಸುಸ್ತಾಗಿತ್ತು. ಒಂದು ತಾಣ ಮುಚ್ಚಿಸಿದರೆ ಅದೇ ಮುಖ, ಅದೇ ಚಕ್ರ, ಬೇರೆ ಹೆಸರಿನಲ್ಲಿ ಇನ್ನೊಂದು ದ್ವೀಪದಿಂದ ತೆರೆಯುತ್ತಿತ್ತು. ದ್ವೀಪದ ಬಾಗಿಲು ಹಾಕಿಸಿದರೆ ಸಮುದ್ರದ ಮಧ್ಯೆ ನಿಂತ ಹಡಗಿನಿಂದ ಆಟ ಶುರುವಾಗುತ್ತಿತ್ತು. ಕೊನೆಗೆ ದೇಶದೇಶಗಳು ಕೂತು ಒಪ್ಪಂದ ಮಾಡಿಕೊಂಡವು. ಕ್ಯಾಸಿನೊ ಎಲ್ಲಿಯಾದರೂ ಇರಲಿ, ನಮ್ಮ ದೇಶದವರಿಗೆ ಮೇಜು ತೆರೆಯಬೇಕಾದರೆ ಅವರ ಕೈಯ ಪಟ್ಟಿ ಬಣ್ಣ ತೋರಿಸಬೇಕು. ಕೆಂಪಾದರೆ ಪ್ರವೇಶವಿಲ್ಲ. ಹಳದಿಯಾದರೆ ಸಣ್ಣ ಮಿತಿಯೊಳಗೆ, ಹಸಿರಾದರೆ ದೊಡ್ಡ ಮಿತಿಯೊಳಗೆ ಆಟ. ಪೂರ್ಣ ಹಸಿರಾದರೆ ಯಾವ ಮಿತಿಯೂ ಇಲ್ಲ. ಅಂಥವರನ್ನು ಗಂಡನಾಗಲಿ, ಹೆಂಡತಿಯಾಗಲಿ, ಮಕ್ಕಳಾಗಲಿ, ಬ್ಯಾಂಕಿನವರಾಗಲಿ ತಡೆಯುವಂತಿಲ್ಲ. ‘ಸಮಚಿತ್ತದ ವಯಸ್ಕರ ಇಚ್ಛೆ ಅವರದೇ’ ಎಂದು ಕಾನೂನು ಹೇಳುತ್ತಿತ್ತು. ಆ ವಾಕ್ಯ ನನಗೆ ಬಹಳ ಹಿಡಿಸಿತ್ತು. ಒಂದಾದರೂ ಕಾನೂನು ಮನುಷ್ಯರನ್ನು ದೊಡ್ಡವರೆಂದು ತಿಳಿದಿದೆಯಲ್ಲ ಎಂದು ಹೆಮ್ಮೆಪಟ್ಟಿದ್ದೆ.

ಧಾರವಾಡದ ಹೊರವಲಯದಲ್ಲಿದ್ದ ಆ ಕೇಂದ್ರದ ನಿಗಾಕೋಣೆಯಲ್ಲಿ ನನ್ನ ಕೆಲಸ. ಗೋಡೆಯಗಲ ಪರದೆ, ಅದರ ಮೇಲೆ ಆಟವಾಡುತ್ತಿರುವ ಒಬ್ಬೊಬ್ಬರಿಗೂ ಒಂದೊಂದು ಗೆರೆ. ಹೆಸರಿರುವುದಿಲ್ಲ, ಸಂಖ್ಯೆ ಮಾತ್ರ. ಸೋತ ಕೂಡಲೇ ಗೆರೆ ಮೇಲಕ್ಕೆ ಚಿಮ್ಮುತ್ತದೆ, ಆಮೇಲೆ ಇಳಿಯುತ್ತದೆ. ಹಳೆಯ ಮಾಪಕಗಳ ಅಭ್ಯಾಸದಿಂದ ನಾವು ಅದನ್ನು ‘ಮುಳ್ಳು’ ಎನ್ನುತ್ತಿದ್ದೆವು. ಮುಳ್ಳು ಇಳಿಯಲು ಎಷ್ಟು ಹೊತ್ತು ಬೇಕು ಎಂಬುದರ ಮೇಲೆ ಯಂತ್ರ ಬಣ್ಣ ಕೊಡುತ್ತಿತ್ತು. ಬೇಗ ಇಳಿದರೆ ಹಸಿರು, ತಡವಾದರೆ ಹಳದಿ. ಇಳಿಯದೆ ನಿಂತೇಬಿಟ್ಟರೆ, ಇಲ್ಲವೆ ಇಳಿಯುವ ಮೊದಲೇ ಮುಂದಿನ ಪಣ ಕಟ್ಟಿದರೆ ಕೆಂಪು. ದಿನವಿಡೀ ಮುಳ್ಳು ಏಳುವುದನ್ನು, ಇಳಿಯುವುದನ್ನು ನೋಡುತ್ತ ಕೂರುವುದಕ್ಕೆ ನನಗೆ ಸಂಬಳ ಕೊಡುತ್ತಿದ್ದರು. ಇಳಿಯಲಿ, ಇಳಿಯಲಿ ಎಂದು ಗುರುತಿಲ್ಲದವರಿಗಾಗಿ ಮನಸ್ಸಿನಲ್ಲೇ ಹಾರೈಸುವುದು ರೂಢಿಯಾಗಿಬಿಟ್ಟಿತ್ತು.

ಹೀಗಿರುವಾಗ ಒಂದು ಸಂಖ್ಯೆ ನಮ್ಮ ಕೋಣೆಯಲ್ಲಿ ಹೆಸರುವಾಸಿಯಾಯಿತು. ದಿನಾ ಮಧ್ಯಾಹ್ನದ ಊಟದ ಹೊತ್ತು ಕಳೆದ ಮೇಲೆ ಬಂದು ಚಕ್ರದ ಮೇಜಿಗೆ ಕೂರುತ್ತಿತ್ತು. ಗೆದ್ದರೂ ಗೆರೆ ನೆಟ್ಟಗೆ, ಸೋತರೂ ನೆಟ್ಟಗೆ. ಕೂದಲೆಳೆಯಷ್ಟೂ ಅಲುಗಾಡುತ್ತಿರಲಿಲ್ಲ. ಯಂತ್ರ ಅದಕ್ಕೆ ಪೂರ್ಣ ಹಸಿರು ಕೊಟ್ಟಿತ್ತು. ನಾವು ಅದಕ್ಕೆ ‘ಸನ್ಯಾಸಿ’ ಎಂದು ಹೆಸರಿಟ್ಟೆವು. ಬೆಳಿಗ್ಗೆ ಹೆಂಡತಿಯ ಜೊತೆ ಜಗಳವಾಡಿ ಬಂದ ದಿನ ನಾನು ಆ ಗೆರೆಯನ್ನೇ ನೋಡುತ್ತ ಕೂರುತ್ತಿದ್ದೆ. ಹೀಗೂ ಇರಬಹುದಲ್ಲ ಮನುಷ್ಯ ಅನ್ನಿಸುತ್ತಿತ್ತು.

ಈ ಸಂಗತಿಯನ್ನು ನಾನು ಒಬ್ಬರ ಹತ್ತಿರ ಹೇಳಿಯೂ ಇದ್ದೆ. ಬಸ್ ನಿಲ್ದಾಣದ ಹಿಂದಿನ ಓಣಿಯ ಖಾನಾವಳಿಯ ನೀಲವ್ವನ ಹತ್ತಿರ.

ನೀಲವ್ವನ ಖಾನಾವಳಿಯಲ್ಲಿ ಉಂಡವರು ಬೇರೆ ಕಡೆ ಉಣ್ಣುವುದು ಕಷ್ಟ. ಆಗಷ್ಟೇ ಬಡಿದ ಜೋಳದ ರೊಟ್ಟಿ, ಎಣ್ಣೆಗಾಯಿ, ಕೆಂಪಿಂಡಿ, ಗಟ್ಟಿ ಮೊಸರು. ಮೊದಲೆಲ್ಲ ಹಣದ ಗಲ್ಲೆಯ ಮೇಲೆ ಆಕೆಯ ಗಂಡ ಫಕೀರಪ್ಪ ಕೂರುತ್ತಿದ್ದ. ಒಳಗೆ ಕಾಲಿಡುವ ಮೊದಲೇ ‘ಬರ್ರಿ ಸಾಹೇಬ್ರ, ಇವತ್ತ ನಿಮ್ಮ ನಸೀಬ ಚಲೋ ಐತಿ, ಮುಳಗಾಯಿ ಎಳೇವು ಬಂದಾವ’ ಎಂದು ಕೂಗುತ್ತಿದ್ದ. ಒಂದು ದಿನ ಹಾಗೆ ಕೂಗಿ, ನಿಂತಲ್ಲೇ ಕುಸಿದು ಹೋಗಿಬಿಟ್ಟ. ಹದಿಮೂರು ದಿನ ಕಳೆಯುತ್ತಲೇ ನೀಲವ್ವ ಖಾನಾವಳಿ ತೆರೆದಳು. ಒಂದು ಹನಿ ಕಣ್ಣೀರು ಹಾಕಲಿಲ್ಲ. ಓಣಿಯವರೆಲ್ಲ ‘ಗಟ್ಟಿ ಹೆಣ್ಮಗಳು’ ಎಂದು ಹೊಗಳಿದ್ದೇ ಹೊಗಳಿದ್ದು. ನಾನೂ ಹೊಗಳಿದೆ. ನಮಗೆಲ್ಲ ಹೊಟ್ಟೆ ತುಂಬುತ್ತಿತ್ತು, ಹೊಗಳಲು ಏನು ಕಷ್ಟ?

ಸನ್ಯಾಸಿಯ ಕತೆಯನ್ನು ನಾನು ಬಣ್ಣ ಕಟ್ಟಿ ಹೇಳಿದಾಗ ಆಕೆ ರೊಟ್ಟಿ ಹಾಕುತ್ತ ನಿಂತಿದ್ದಳು.

“ಎಷ್ಟ ಹೋದ್ರೂ ಅವಗ ಏನೂ ಅನಸೂದಿಲ್ಲೇನು?” ಎಂದಳು.

“ಏನೂ ಇಲ್ರಿ ಅಕ್ಕಾರ. ಅಂಥವ್ರು ಲಕ್ಷದಾಗ ಒಬ್ರು.”

“ಪಾಪ,” ಎಂದು ಒಳಗೆ ಹೋದಳು.

ನಾನು ಅದನ್ನು ತಲೆಗೆ ಹಾಕಿಕೊಳ್ಳಲಿಲ್ಲ. ಆದರೆ ಕೆಲವು ದಿನಗಳಾದ ಮೇಲೆ ಆಕೆ ಸಾರು ಬಡಿಸಲು ಕೈ ಚಾಚಿದಾಗ, ಬಳೆಗಳಿಲ್ಲದ ಆ ಮಣಿಕಟ್ಟಿನಲ್ಲಿ ಒಂದು ಪಟ್ಟಿ ಕಂಡಿತು. ಅದರ ಅಂಚಿನಲ್ಲಿ ಮಿಟುಕದ ಸಣ್ಣ ಹಸಿರು ದೀಪ. ಸಾಮಾನ್ಯ ಹಸಿರು ಮಿಟುಕುತ್ತಿರುತ್ತದೆ. ಮಿಟುಕದಿರುವುದು ಪೂರ್ಣ ಹಸಿರು ಮಾತ್ರ.

ಸುತ್ತ ನೋಡಿದೆ. ನಾನು ದಿನಾ ಬಂದು ಉಂಡು ಎದ್ದು ಹೋಗುತ್ತಿದ್ದ ಜಾಗ. ಅಷ್ಟು ದಿನ ಕಣ್ಣು ಎಲ್ಲಿಟ್ಟಿದ್ದೆನೋ. ಮದುವೆ, ಸೀಮಂತಗಳ ಅಡುಗೆ ನಡೆಯುತ್ತಿದ್ದ ಪಕ್ಕದ ಕೋಣೆಗೆ ಬೇರೆಯವರ ಬೀಗ ಬಿದ್ದಿತ್ತು. ಹಿಂದಿನ ಹಿಟ್ಟಿನ ಗಿರಣಿ ಇರಲಿಲ್ಲ. ರೊಟ್ಟಿ ಬಡಿಯುವ ಹೆಂಗಸರಲ್ಲಿ ಒಬ್ಬಳೇ ಉಳಿದಿದ್ದಳು. ಮಧ್ಯಾಹ್ನದ ಊಟ ಮುಗಿದು ಖಾನಾವಳಿಯ ಬಾಗಿಲು ಹಾಕುವ ಹೊತ್ತು, ಸನ್ಯಾಸಿ ಪರದೆಯ ಮೇಲೆ ಬರುವ ಹೊತ್ತು, ಎರಡೂ ಒಂದೇ.

ಆಟಗಾರರ ಗುರುತನ್ನು ಯಾರಿಗೂ ಹೇಳಬಾರದು ಎಂಬುದು ನಮ್ಮ ಕೆಲಸದ ಮೊದಲ ನಿಯಮ. ಆ ಮಧ್ಯಾಹ್ನವೇ ಅದನ್ನು ಮುರಿದೆ. ಯಾಕೆಂದರೆ ಕೇಂದ್ರದಲ್ಲಿ ಪಟ್ಟಿಯ ಲೆಕ್ಕಾಚಾರಕ್ಕೆಲ್ಲ ಮುಖ್ಯಸ್ಥೆಯಾಗಿದ್ದ ಮಧುಮತಿ ಬೇರೆ ಯಾರೂ ಅಲ್ಲ, ನೀಲವ್ವನ ಒಡಹುಟ್ಟಿದ ತಂಗಿ. ಅಪ್ಪ ಸತ್ತ ಮೇಲೆ ರೊಟ್ಟಿ ಬಡಿದು ತಂಗಿಯನ್ನು ಓದಿಸಿದವಳು ಅಕ್ಕನೇ. ಕಂಡದ್ದನ್ನೆಲ್ಲ ಅವರಿಗೆ ಹೇಳಿದೆ.

“ಗುರುಪಾದ, ಅದು ನಮ್ಮಕ್ಕಲ್ಲ,” ಎಂದರು ಮಧುಮತಿ. “ಆಕಿ ಅಂಥಾಕಿ ಅಲ್ಲ.”

ಎಲ್ಲರೂ ಮೊದಲು ಹೇಳುವ ಮಾತು ಅದೇ. ಅವರು ತಮ್ಮ ಗಣಕದಲ್ಲಿ ಆ ಸಂಖ್ಯೆಯ ಕಡತ ತೆರೆದರು. ಹೆಸರು ಬಂತು. ಅಕ್ಕನದೇ. ಆಮೇಲೆ ಇನ್ನೊಂದು ಗೆರೆಯನ್ನು ತಂದು ಅದರ ಪಕ್ಕದಲ್ಲಿ ಇಟ್ಟರು.

“ಇದೂ ಅಕ್ಕಂದ. ಪಟ್ಟಿಗೆ ಪಾಠ ಕಲಸೂಮುಂದ ಊರಾಗಿನ ಮಂದೀನ ಕರದಿದ್ವಲ್ಲ, ಆವಾಗಿಂದು. ಮಾಮಾ ಇನ್ನೂ ಇದ್ರು.”

ಆ ಗೆರೆ ಜೀವಂತವಾಗಿತ್ತು. ಸುಳ್ಳು ನಾಣ್ಯಗಳ ಆಟದಲ್ಲಿ ಸೋತಾಗ ಮುಳ್ಳು ಪಟ್ಟನೆ ಎದ್ದಿತ್ತು, ಸ್ವಲ್ಪ ತಡೆದು ಇಳಿದಿತ್ತು. ಸೋತಾಗ ನೀಲವ್ವ ‘ಅಯ್ಯ ಇದರ!’ ಎಂದು ನಕ್ಕದ್ದು ಕೇಳಿಸುವಂತಿತ್ತು. ಪಕ್ಕದ ಈಗಿನ ಗೆರೆ ತೊಳೆದಿಟ್ಟ ಹಲಗೆ.

ಮಧುಮತಿ ತಾವೇ ಬರೆದ ಲೆಕ್ಕವನ್ನು ಬಿಡಿಸಿ ನೋಡಿದರು. ತಪ್ಪು ಸಿಗಲು ಬಹಳ ಹೊತ್ತು ಬೇಕಾಗಲಿಲ್ಲ. ಮುಳ್ಳು ಎಷ್ಟು ಬೇಗ ಇಳಿಯುತ್ತದೆಯೋ ಅಷ್ಟು ಸಂಯಮ ಎಂದು ಯಂತ್ರಕ್ಕೆ ಕಲಿಸಿದ್ದರು. ಮುಳ್ಳು ಏಳಲೇ ಇಲ್ಲವೆಂದರೆ ಇಳಿಯಲು ಬೇಕಾದ ಹೊತ್ತು ಸೊನ್ನೆ. ಸೊನ್ನೆಗಿಂತ ಬೇಗ ಇಳಿಯುವುದು ಯಾರಿಗೂ ಸಾಧ್ಯವಿಲ್ಲ. ಹಾಗಾಗಿ ಏನೂ ಅನ್ನಿಸದಿರುವವರೇ ಯಂತ್ರದ ಕಣ್ಣಿಗೆ ಎಲ್ಲರಿಗಿಂತ ದೊಡ್ಡ ಸಂಯಮಿಗಳು.

“ಗುರುಪಾದ, ನಮ್ಮ ಲೆಕ್ಕ ದುಃಖಕ್ಕ ಹಸರ ದೀಪಾ ಹಚ್ಚೇತಿ,” ಎಂದರು.

ಆಮೇಲೆ ಅವರನ್ನು ಕಾಡತೊಡಗಿದ್ದು ಇನ್ನೊಂದು ಪ್ರಶ್ನೆ. ಪಾಠ ಕಲಿಸುವಾಗ ಇಂಥ ಒಂದು ಚಪ್ಪಟೆ ಗೆರೆ ಬಂದಿದ್ದರೂ ತಪ್ಪು ಅಂದೇ ಗೊತ್ತಾಗುತ್ತಿತ್ತು. ಅಷ್ಟು ಮಂದಿಯ ಗೆರೆಗಳನ್ನೂ ಮತ್ತೆ ತಿರುವಿ ಹಾಕಿದರು. ಒಂದೂ ಇರಲಿಲ್ಲ. ಇಷ್ಟು ದೊಡ್ಡ ಊರಿನಲ್ಲಿ ಆ ವರ್ಷ ಯಾರ ಮನೆಯಲ್ಲೂ ಸಾವಾಗಲಿಲ್ಲವೆ? ದುಃಖದಲ್ಲಿದ್ದವರು ಒಬ್ಬರೂ ಯಾಕೆ ಬರಲಿಲ್ಲ?

ಉತ್ತರ ಸಿಕ್ಕಿದ್ದು ನಮ್ಮ ನಿರ್ದೇಶಕ ಹಂಚಿನಮನಿ ಸಾಹೇಬರಿಂದ. ನಿವೃತ್ತಿಗೆ ಹತ್ತಿರವಾದ, ಯಾರ ಮನಸ್ಸನ್ನೂ ನೋಯಿಸದ ಮನುಷ್ಯ. ಮಧುಮತಿ ಕೇಳಿದಾಗ ಅವರ ಮುಖ ಅರಳಿತು.

“ಮೊದಲ ಹೆಣ್ಮಕ್ಕಳು ಬರಾಕ ಒಲ್ಲೆ ಅಂದಿದ್ರು, ನೆನಪೈತಿಲ್ರಿ? ಜೂಜಿನ ಪರೀಕ್ಷಾ ಅಂದ್ರ ಯಾರ ಬರ್ತಾರ? ನಾನ ಒಂದ ಉಪಾಯ ಮಾಡಿದೆ. ಸಭಾಂಗಣಕ್ಕ ತೋರಣಾ ಕಟ್ಟಿಸಿ, ಪೂಜಿ ಮಾಡಿಸಿ, ಬಂದ ಹೆಣ್ಮಕ್ಕಳಿಗೆಲ್ಲಾ ಉಡಿ ತುಂಬಿಸಿದೆ. ಕುಪ್ಪಸದ ಖಣ, ಅಕ್ಕಿ, ಕೊಬ್ಬರಿ, ಅರಿಷಿಣ ಕುಂಕುಮ. ಹಬ್ಬಕ್ಕ ಬಂದಂಗ ಬಂದ್ರು ನೋಡ್ರಿ! ಸಾಲ ಹಚ್ಚಿ…”

ಹೇಳುತ್ತ ಹೇಳುತ್ತ ಅವರ ಮಾತು ನಿಂತಿತು. ಅವರಿಗೇ ಹೊಳೆಯಿತು. ಮುತ್ತೈದೆಯರ ಮಡಿಲಿಗೆ ಉಡಿ ತುಂಬುವ ಕಡೆ ಗಂಡನನ್ನು ಕಳೆದುಕೊಂಡವಳು ಬರುವುದಿಲ್ಲ. ಬಾ ಎಂದು ಯಾರೂ ಕರೆಯುವುದೂ ಇಲ್ಲ. ಮನೆಯಲ್ಲಿ ಸಾವಾಗಿ ವರ್ಷ ತುಂಬದವರು ಪೂಜೆ ನಡೆಯುವ ಕಡೆ ಹೆಜ್ಜೆಯಿಡುವುದಿಲ್ಲ. ಯಾರೂ ಯಾರನ್ನೂ ಹೊರಗೆ ಹಾಕಿರಲಿಲ್ಲ. ಎಲ್ಲರೂ ಮರ್ಯಾದೆಯಿಂದಲೇ ನಡೆದುಕೊಂಡಿದ್ದರು. ಆ ಮರ್ಯಾದೆಯಿಂದಾಗಿ ನಮ್ಮ ಯಂತ್ರ ಒಂದು ದುಃಖವನ್ನೂ ನೋಡದೆ ದೊಡ್ಡದಾಗಿತ್ತು.

ಮರುದಿನ ಮಧ್ಯಾಹ್ನ ಮಧುಮತಿ ಖಾನಾವಳಿಗೆ ಹೊರಟರು. ‘ನೀವೂ ಬರ್ರಿ, ಉಣ್ಣಾಕ ಬಂದವ್ರ ಮುಂದ ಅಕ್ಕ ಸಿಟ್ಟ ಮಾಡೂದಿಲ್ಲ’ ಎಂದು ನನ್ನನ್ನೂ ಕರೆದುಕೊಂಡರು. ನಾವು ಹೋದಾಗ ಬಾಗಿಲು ಮುಂದೆ ಮಾಡಿತ್ತು. ಗಲ್ಲೆಯ ಮೇಲೆ ನೀಲವ್ವ, ಎದುರಿಗೆ ಫೋನು. ಅದರಲ್ಲಿ ಚಕ್ರ ತಿರುಗುತ್ತಿತ್ತು. ಯಾವುದೋ ದೇಶದ ಹುಡುಗಿ ನಗುತ್ತ ಅಚ್ಚ ಕನ್ನಡದಲ್ಲಿ ‘ಸ್ವಾಗತ ನೀಲವ್ವ’ ಎನ್ನುತ್ತಿದ್ದಳು. ಯಂತ್ರ ಬಾಯಿಗೆ ತುರುಕಿದ ಕನ್ನಡ ಅದು.

“ಅಕ್ಕಾ, ಏನ ಮಾಡಾಕತ್ತಿ?”

“ಕಾಣಸೂದಿಲ್ಲೇನು? ಆಡಾಕತ್ತೀನಿ. ಕದ್ದ ಆಡಾಕತ್ತಿಲ್ಲ. ನಿಮ್ಮ ಸರಕಾರನ ಹಸರ ಕೊಟ್ಟೈತಿ.”

“ಗಿರಣಿ ಹೋತು, ಬಾಜೂಕಿನ ಖೋಲಿ ಹೋತು. ಇನ್ನೇನ ಉಳದೈತಿ?”

“ಇದ ಉಳದೈತಿ,” ಎಂದು ನೀಲವ್ವ ತಲೆಯ ಮೇಲಿನ ಜಂತಿಯನ್ನು ನೋಡಿದಳು. “ಇದನ್ನೂ ಒತ್ತಿ ಇಟ್ಟೀನಿ. ಕಾಗದ ಪಾಸ ಆಗೈತಿ.”

ಎಷ್ಟು ಸಲೀಸಾಗಿ ಹೇಳಿದಳೆಂದರೆ, ನಾಳೆಗೆ ಬದನೆಕಾಯಿ ಇಲ್ಲ ಎನ್ನುವುದಕ್ಕೂ ಆಕೆ ಇದಕ್ಕಿಂತ ಹೆಚ್ಚು ಬೇಸರಪಡುತ್ತಿದ್ದಳು. ನನಗೆ ಹೆದರಿಕೆಯಾಯಿತು.

ಮಧುಮತಿ ಅಕ್ಕನ ಕಾಲ ಬಳಿ ನೆಲಕ್ಕೆ ಕುಳಿತರು. “ಯಾಕ, ಅಕ್ಕಾ? ರೊಕ್ಕ ಬೇಕಾಗಿತ್ತೇನು?”

“ರೊಕ್ಕ ತಗೊಂಡ ಏನ ಮಾಡ್ಲಿ?” ನೀಲವ್ವ ಫೋನನ್ನು ಬೋರಲು ಹಾಕಿದಳು. “ಮಧು, ಅವ್ರು ಹೋದ ದಿನಾ ನನಗೇನೂ ಅನಸ್ಲಿಲ್ಲ. ಮಂದಿ ಅತ್ರು, ನೀ ಅತ್ತಿ, ನಾ ರೊಟ್ಟಿ ಹಂಚಿನ ಮ್ಯಾಲ ಸೀಯಾಕತ್ತಾವಲ್ಲಾ ಅಂತ ನೋಡ್ಕೋತ ನಿಂತಿದ್ದೆ. ಆವತ್ತಿಂದ ಹಿಂಗ ಐತಿ. ಉಂಡ್ರ ರುಚಿ ಇಲ್ಲ, ಕೈ ಸುಟ್ಟ್ರ ಉರಿ ಇಲ್ಲ. ಜೂಜಿನಾಗ ಸೋತವ್ರು ಎದಿ ಬಡಕೊಂಡ ಅಳ್ತಾರ ಅಂತ ಕೇಳಿದ್ದೆ. ಸೋತ ನೋಡೂಣು, ಎದಿಯಾಗ ಏನರ ಚುರ್ ಅಂತೈತೇನೋ ಅಂತ ಕುಂತೆ. ಸಣ್ಣದ ಹೋತು, ಏನೂ ಆಗ್ಲಿಲ್ಲ. ದೊಡ್ಡದ ಹೋತು, ಏನೂ ಆಗ್ಲಿಲ್ಲ. ಇದ ಹೋದ್ರರ ಆಕ್ಕೈತೇನೋ.”

ಎಷ್ಟೋ ವರ್ಷ ನಾನು ಜೂಜುಗಾರರನ್ನು ನೋಡಿದ್ದೇನೆ. ಗೆಲ್ಲಲಿಕ್ಕೆ ಆಡುವವರು, ಹೋದದ್ದನ್ನು ಮರಳಿ ತರಲಿಕ್ಕೆ ಆಡುವವರು, ಹೊತ್ತು ಕಳೆಯಲಿಕ್ಕೆ ಆಡುವವರು. ನೋವಾಗಲಿ ಎಂದು ಆಡುವವರನ್ನು ನೋಡಿರಲಿಲ್ಲ. ಆಕೆಯನ್ನು ಸನ್ಯಾಸಿ ಎಂದು ಕರೆದು ಮೆಚ್ಚಿಕೊಂಡದ್ದು ನೆನಪಾಗಿ ನಾನು ತಲೆ ತಗ್ಗಿಸಿದೆ.

ಮಧುಮತಿ ಕೇಂದ್ರದ ತಪ್ಪನ್ನು ಮುಚ್ಚಿಡದೆ ಬರೆದು ಮೇಲಿನವರಿಗೆ ಕಳಿಸಿದರು. ಉತ್ತರ ಇಷ್ಟು ಬೇಗ ಬರುತ್ತದೆಂದು ಯಾರೂ ಎಣಿಸಿರಲಿಲ್ಲ. ಯಂತ್ರವನ್ನು ಮತ್ತೆ ಕಲಿಸುವ ಗೋಜೇ ಬೇಡ. ಪ್ರವೇಶದ ಅರ್ಹತೆಗೆ ಒಂದು ಸಾಲು ಸೇರಿಸಿದರೆ ಸಾಕು. ಗಂಡ ಅಥವಾ ಹೆಂಡತಿ ತೀರಿಹೋದವರಿಗೆ ಒಂದು ವರ್ಷ ಆಟಕ್ಕೆ ಅನುಮತಿಯಿಲ್ಲ. ಇದಕ್ಕೆ ಲೆಕ್ಕದ ಮುಖ್ಯಸ್ಥೆಯ ಒಪ್ಪಿಗೆ ಬಂದ ಕೂಡಲೇ ಜಾರಿ.

ಹಂಚಿನಮನಿ ಸಾಹೇಬರು ಹಗುರಾದರು. “ಮುಗೀತಲ್ರಿ. ಒಂದ ಸಹಿ ಹಾಕ್ರಿ, ನಾಳೆನ ನಿಮ್ಮಕ್ಕಗ ಕೆಂಪ ಬರ್ತೈತಿ. ಖಾನಾವಳಿ ಉಳೀತೈತಿ.”

ಮಧುಮತಿ ಪೆನ್ನು ತೆಗೆದುಕೊಂಡದ್ದನ್ನು ನಾನು ನೋಡಿದೆ. ಹಾಕಿಬಿಡಲಿ ಎಂದೇ ನನಗೂ ಅನ್ನಿಸಿತು. ಸ್ವಂತ ಅಕ್ಕನ ತಲೆಯ ಮೇಲಿನ ಸೂರು ಅದು. ಆದರೆ ಅವರು ‘ಅಕ್ಕಗ ಒಂದ ಮಾತ ಹೇಳಿ ಬರ್ತೀನಿ’ ಎಂದು ಎದ್ದರು. ಸಂಜೆಯ ರೊಟ್ಟಿಗೆ ಹಿಟ್ಟು ನಾದುತ್ತಿದ್ದ ನೀಲವ್ವ ಎಲ್ಲವನ್ನೂ ಕೇಳಿಸಿಕೊಂಡಳು.

“ಅಂದ್ರ ಅಲ್ಲೀನೂ ಬರಬ್ಯಾಡ ಅಂತೀರೇನು?”

ಅಷ್ಟೇ. ಅದರಲ್ಲಿ ಸಿಟ್ಟೂ ಇರಲಿಲ್ಲ. ಸೀಮಂತಕ್ಕೆ ಬರಬೇಡ, ಗೃಹಪ್ರವೇಶಕ್ಕೆ ಬರಬೇಡ, ಎದುರಿಗೆ ಬರಬೇಡ ಎಂಬ ಸಾಲಿಗೆ ಇನ್ನೊಂದು ಸೇರಿಸಿಕೊಂಡು ಆಕೆ ಹಿಟ್ಟಿಗೆ ನೀರು ಹಾಕಿದಳು. ಮಧುಮತಿ ಎದ್ದರು. ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತು ಅತ್ತರು.

ಸಹಿ ಹಾಕಲಿಲ್ಲ. ಮೊದಲು ದುಃಖದಲ್ಲಿರುವವರನ್ನು ಕರೆದು ಯಂತ್ರಕ್ಕೆ ಮತ್ತೆ ಪಾಠ ಹೇಳೋಣ, ಏಳದ ಮುಳ್ಳು ಸಂಯಮವಲ್ಲ ಎಂದು ಅದಕ್ಕೆ ತಿಳಿಯಲಿ ಎಂದರು. ಆಗ ಯಾರೆಂದು ಕೇಳದೆ, ಗಂಡಸು ಹೆಂಗಸು ಎಂದು ನೋಡದೆ, ಮಗುವನ್ನು ಕಳೆದುಕೊಂಡವರನ್ನೂ ತಾಯಿಯನ್ನು ಕಳೆದುಕೊಂಡವರನ್ನೂ ಅದು ತಾನಾಗಿ ತಡೆಯುತ್ತದೆ.

“ದುಃಖದಾಗಿರೋರನ್ನ ಹೆಂಗ ಕರೀತೀರಿ? ಹಂಗ ಕರೀಬಾರದ್ರಿ,” ಎಂದರು ಹಂಚಿನಮನಿ ಸಾಹೇಬರು. “ಅದೂ ಅಲ್ದ, ಅಷ್ಟರಾಗ ನಿಮ್ಮಕ್ಕ ಮನಿ ಕಳಕೊಂಡ್ರ?”

“ಕಳಕೊಂಡ್ರ ನಾ ಹೊಣಿ,” ಎಂದರು ಮಧುಮತಿ. ಹೊಣೆ ಎಂದರೇನೆಂದು ಅವರಿಗೆ ಗೊತ್ತಿತ್ತು. ಆ ಸೂರಿನ ಕೆಳಗೇ ಅವರು ಓದಿ ದೊಡ್ಡವರಾದದ್ದು.

ಮನೆ ಮನೆಗೆ ಹೋಗಿ ಕರೆದರು. ಕೆಲವರು ಬಾಗಿಲಲ್ಲೇ ಬೈದು ಕಳಿಸಿದರು. ಕೆಲವರು ಒಳಗೆ ಕೂರಿಸಿ ಸತ್ತವರ ಫೋಟೊ ತೋರಿಸಿದರು. ನೀಲವ್ವನನ್ನು ಕರೆಯುವಾಗ ನಾನು ಅಲ್ಲೇ ಉಣ್ಣುತ್ತಿದ್ದೆ. ಒಲ್ಲೆ ಎನ್ನುತ್ತಾಳೆ ಎಂದೇ ಅಂದುಕೊಂಡಿದ್ದೆ.

“ಬರ್ತೀನಿ,” ಎಂದಳು. “ಈ ವರ್ಷ ನನ್ನ ಯಾರೂ ಎಲ್ಲಿಗೂ ಕರದಿಲ್ಲ.”

ಆ ನಡುವಿನ ಒಂದೊಂದು ಮಧ್ಯಾಹ್ನವನ್ನೂ ನಾನು ಉಸಿರು ಬಿಗಿಹಿಡಿದು ಕಳೆದೆ. ಪರದೆಯ ಮೇಲೆ ಆ ಚಪ್ಪಟೆ ಗೆರೆ ಬರುತ್ತಿತ್ತು, ಆಡುತ್ತಿತ್ತು, ಹೋಗುತ್ತಿತ್ತು. ಖಾನಾವಳಿ ಸ್ವಲ್ಪ ಸ್ವಲ್ಪವೇ ಆ ಚಕ್ರದೊಳಗೆ ಇಳಿಯುತ್ತಿತ್ತು. ತಡೆಯುವ ಗುಂಡಿ ನನ್ನ ಕೈಯಳತೆಯಲ್ಲೇ ಇತ್ತು, ಆದರೆ ಪೂರ್ಣ ಹಸಿರಿಗೆ ಅದು ಕೆಲಸ ಮಾಡುವಂತಿರಲಿಲ್ಲ. ಮನುಷ್ಯರನ್ನು ದೊಡ್ಡವರೆಂದು ತಿಳಿದ ಕಾನೂನಿನ ಮೇಲೆ ನನಗೆ ಮೊದಲ ಸಲ ಮೈ ಉರಿಯಿತು.

ಕರೆದ ದಿನ ಅದೇ ಸಭಾಂಗಣಕ್ಕೆ ಜನ ಬಂದರು. ಗಂಡಂದಿರನ್ನು ಕಳೆದುಕೊಂಡ ಹೆಂಗಸರು, ಹೆಂಡತಿಯನ್ನು ಕಳೆದುಕೊಂಡ ಒಬ್ಬ ನಿವೃತ್ತ ಮೇಷ್ಟ್ರು, ಮಗಳನ್ನು ಮಣ್ಣು ಮಾಡಿ ಬಂದ ಗಂಡ ಹೆಂಡತಿ. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಹಂಚಿನಮನಿ ಸಾಹೇಬರು ಬಹಳ ಯೋಚಿಸಿ ಏರ್ಪಾಟು ಮಾಡಿದ್ದರು. ತೋರಣವಿಲ್ಲ, ಪೂಜೆಯಿಲ್ಲ, ಹೂವಿಲ್ಲ. ಕುರ್ಚಿ, ಚಹಾ, ಬಿಸ್ಕೀಟು ಅಷ್ಟೇ. ಅವರ ಮನಸ್ಸಿಗೆ ನೋವಾಗಬಾರದೆಂದು ಅರಿಷಿಣ ಕುಂಕುಮದ ತಟ್ಟೆಯನ್ನು ಕಣ್ಣಿಗೂ ಬೀಳದಂತೆ ಇಡಿಸಿದ್ದರು. ಒಳ್ಳೆಯ ಮನುಷ್ಯ, ಹೇಳಿದೆನಲ್ಲ.

ಒಬ್ಬೊಬ್ಬರಾಗಿ ಸುಳ್ಳು ನಾಣ್ಯಗಳ ಆಟ ಆಡಿದರು. ನಾನು ಪರದೆಯ ಮುಂದೆ ಕುಳಿತಿದ್ದೆ. ಹೆಚ್ಚಿನ ಗೆರೆಗಳು ಮಲಗಿಯೇ ಇದ್ದವು. ಕೆಲವು ಸೋತಾಗ ಏಳದೆ ಗೆದ್ದಾಗ ಎದ್ದು ಬಿದ್ದವು. ನಾವು ಎಂದೂ ಕಾಣದ ಗೆರೆಗಳು. ಯಂತ್ರ ಮೊದಲ ಬಾರಿಗೆ ಅವನ್ನು ನೋಡುತ್ತಿತ್ತು, ಮಧುಮತಿ ಪ್ರತಿಯೊಂದರ ಮುಂದೆಯೂ ‘ಇದು ಸಂಯಮ ಅಲ್ಲ’ ಎಂದು ಗುರುತು ಹಾಕುತ್ತಿದ್ದರು.

ನೀಲವ್ವನ ಸರದಿ ಬಂತು. ನಮ್ಮ ಪಟ್ಟಿ ಕಟ್ಟಲು ಹೋದರೆ ‘ನಂದ ಐತಲ್ಲ’ ಎಂದು ತನ್ನದನ್ನೇ ಇಟ್ಟುಕೊಂಡಳು. ಕುಳಿತಳು. ಆಡಿದಳು, ಸೋತಳು. ಗೆರೆ ಅಲುಗಲಿಲ್ಲ. ಮತ್ತೆ ಸೋತಳು. ಅಲುಗಲಿಲ್ಲ. ಸಾಕೆಂದು ಮಧುಮತಿ ತಲೆಯಾಡಿಸಿದರು. ನೀಲವ್ವ ಎದ್ದು, ಸೆರಗು ಸರಿಮಾಡಿಕೊಂಡು, ಹೊರಡದೆ ಅಲ್ಲೇ ನಿಂತಳು. ಆಕೆಯ ಕಣ್ಣು ಸಭಾಂಗಣವನ್ನೆಲ್ಲ ಒಮ್ಮೆ ಸುತ್ತಿ ಬಂತು.

“ಸಾಹೇಬ್ರ, ಆವತ್ತ ಬಂದವ್ರಿಗೆಲ್ಲಾ ಉಡಿ ತುಂಬಿದ್ರಿ. ಹಸರ ಖಣಾ ಕೊಟ್ಟಿದ್ರಿ. ಇವತ್ತ ಇಲ್ಲೇನ್ರಿ?”

ಹಂಚಿನಮನಿ ಸಾಹೇಬರು ತಡವರಿಸಿದರು. “ಇವತ್ತ… ಹಂಗಲ್ರೀ ತಂಗಿ… ನಿಮಗ ನೋವ ಆಗಬಾರ್ದು ಅಂತ…”

“ನಮಗಷ್ಟ ಇಲ್ಲೇನ್ರಿ?”

ಪರದೆಯ ಮೇಲೆ ಮುಳ್ಳು ಎದ್ದಿತು.

ಮೊದಲು ಕಣ್ಣನ್ನು ನಂಬಲಿಲ್ಲ. ಆಮೇಲೆ ಅದು ಏರುತ್ತಲೇ ಹೋಯಿತು. ನೀಲವ್ವ ಕುರ್ಚಿಯ ಬೆನ್ನನ್ನು ಹಿಡಿದುಕೊಂಡಿದ್ದಳು. “ಅದ ನಾನ ಅಲ್ಲೇನ್ರಿ?” ಎಂದಳು. “ಆವತ್ತ ಬಂದಾಕಿ ನಾನ, ಇವತ್ತ ಬಂದಾಕಿ ನಾನ. ಗಂಡ ಸತ್ತ್ರ ನಾನೂ ಸತ್ತೆನೇನ್ರಿ?” ಆಮೇಲೆ ತಂಗಿಯ ಕಡೆ ತಿರುಗಿ, ತಾನೇ ಆಗ ಕೇಳಿದ ಸುದ್ದಿಯನ್ನು ಹೇಳುವವಳಂತೆ ಹೇಳಿದಳು: “ಮಧು, ಅವ್ರು ಸತ್ತಾರಲ್ಲವ್ವಾ. ಅವ್ರು ಹೋಗ್ಯಾರಲ್ಲ!”

ಆ ಅಳುವನ್ನು ನಾನು ಬರೆಯಲಾರೆ. ಎಷ್ಟೋ ತಿಂಗಳಿಂದ ನಿಂತದ್ದು ಒಮ್ಮೆಗೇ ಬಂತು. ಮಧುಮತಿ ಓಡಿ ಹೋಗಿ ಹಿಡಿದುಕೊಂಡರು. ಇಬ್ಬರೂ ನೆಲಕ್ಕೆ ಕುಳಿತರು. ಮಗಳನ್ನು ಕಳೆದುಕೊಂಡ ಆ ತಾಯಿ ಬಂದು ನೀಲವ್ವನ ಬೆನ್ನ ಮೇಲೆ ಕೈಯಿಟ್ಟಳು. ಅವರಿಬ್ಬರಿಗೂ ಪರಿಚಯವಿರಲಿಲ್ಲ.

ಹಂಚಿನಮನಿ ಸಾಹೇಬರು ಕೋಣೆಯೊಳಗೆ ಹೋಗಿ ಅಲಮಾರು ತಡಕಾಡಿ ಒಂದು ಖಣವನ್ನು ಹುಡುಕಿ ತಂದರು. ಅಕ್ಕಿಯಿಲ್ಲ, ಕೊಬ್ಬರಿಯಿಲ್ಲ, ಬರಿಯ ಖಣ. ಅದನ್ನು ಎರಡೂ ಕೈಯಲ್ಲಿ ಹಿಡಿದು ನೀಲವ್ವನ ಮುಂದೆ ನಿಂತರು. ಅವರ ಕನ್ನಡಕದೊಳಗೆ ನೀರಿತ್ತು.

“ತಪ್ಪಾತು ತಂಗಿ. ತಗೋರಿ.”

ನೀಲವ್ವ ಸೆರಗಿನಿಂದ ಮುಖ ಒರೆಸಿಕೊಂಡು ಖಣವನ್ನು ನೋಡಿದಳು, ಆಮೇಲೆ ಕುರ್ಚಿಗಳ ಸಾಲಿನಲ್ಲಿ ಕುಳಿತಿದ್ದ ಹೆಂಗಸರನ್ನು ನೋಡಿದಳು.

“ಎಲ್ಲಾರಿಗೂ ತರ್ರಿ,” ಎಂದಳು. “ನನಗೊಬ್ಬಾಕಿಗೇ ಬ್ಯಾಡ.”

ಪೇಟೆಯಿಂದ ತರಲು ಅವರು ತಾವೇ ಓಡಿದರು. ನಾನು ಪರದೆಯ ಕಡೆ ತಿರುಗಿದೆ. ಮುಳ್ಳು ಇಳಿದಿರಲಿಲ್ಲ. ಇಷ್ಟು ಹೊತ್ತು ಇಳಿಯದ ಮುಳ್ಳಿಗೆ ಯಂತ್ರ ಏನು ಮಾಡಬೇಕೋ ಅದನ್ನು ಮಾಡಿತ್ತು. ಆಕೆಯ ಸಂಖ್ಯೆಯ ಮುಂದೆ ಕೆಂಪು ಬಿದ್ದಿತ್ತು, ಗಡಿಯಾಚೆಯ ಎಲ್ಲ ಮೇಜುಗಳೂ ಆಕೆಗೆ ಮುಚ್ಚಿದ್ದವು. ಖಾನಾವಳಿಯಲ್ಲಿ ಉಳಿದದ್ದು ಉಳಿದಿತ್ತು. ನಿಯಮಕ್ಕೆ ಯಾವ ಹೊಸ ಸಾಲೂ ಬೇಕಾಗಿರಲಿಲ್ಲ. ಆ ಕೆಂಪನ್ನು ಆಕೆ ನೋಡಲಿಲ್ಲ, ನಾವೂ ಹೇಳಲಿಲ್ಲ.

ಮುಳ್ಳು ಇಳಿಯುವುದನ್ನು ಕಾಯುವುದು ನನ್ನ ಕೆಲಸ. ಆ ಹೊತ್ತು ನಾನು ಕಾಯಲಿಲ್ಲ. ಪರದೆ ಆರಿಸಿ, ಎದ್ದು ಹೋಗಿ ಅವರ ಪಕ್ಕದಲ್ಲಿ ನೆಲದ ಮೇಲೆ ಕುಳಿತೆ.